ನೇರಳೆ ದೀಪಕ್ಕೆ ಸಿಕ್ಕಿಬೀಳುವ ಹಲ್ಲು

ಮುಂದಿನ ಹಲ್ಲಿನ ತುದಿ ಮುರಿದವರು ದಂತವೈದ್ಯರ ಹತ್ತಿರ ಹೋಗಿ ಹಲ್ಲಿನದೇ ಬಣ್ಣದ ಸಿಮೆಂಟು ತುಂಬಿಸಿಕೊಂಡು ಬರುತ್ತಾರೆ. ಕನ್ನಡಿಯಲ್ಲಿ ಎಷ್ಟು ಹುಡುಕಿದರೂ ಗುರುತು ಸಿಗದು. ಆದರೆ ಡಿಜೆ ಪಾರ್ಟಿಯ ನೇರಳೆ ದೀಪದ ಕೆಳಗೆ ನಕ್ಕರೆ ಕಥೆಯೇ ಬೇರೆ. ಅಕ್ಕಪಕ್ಕದ ಹಲ್ಲುಗಳು ನೀಲಿ ಬೆರೆತ ಬಿಳುಪಿನಲ್ಲಿ ಹೊಳೆಯುತ್ತಿದ್ದರೆ, ತುಂಬಿಸಿದ ಜಾಗ ಮಾತ್ರ ಕಪ್ಪಗೆ, ಹಲ್ಲೇ ಉದುರಿಹೋದಂತೆ ಕಾಣಬಹುದು. ಬಣ್ಣ ಹೊಂದಿದೆ, ಪ್ರತಿದೀಪ್ತಿ ಹೊಂದಿಲ್ಲ.

ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು, ಅದನ್ನು ಕಾಣುವ ಬೆಳಕಾಗಿ ಹೊರಸೂಸುವುದೇ ಪ್ರತಿದೀಪ್ತಿ. ಹಲ್ಲಿಗೆ ಇದು ಹುಟ್ಟುಗುಣ. ಸ್ಟ್ಯೂಬೆಲ್ ಎಂಬ ವಿಜ್ಞಾನಿ 1911ರಲ್ಲೇ ಇದನ್ನು ವರದಿ ಮಾಡಿದ್ದರು. ಸುಮಾರು 365 ನ್ಯಾನೋಮೀಟರ್ ಅಲೆಯುದ್ದದ ಕಿರಣ ಬಿದ್ದರೆ ಹಲ್ಲು 450ರ ಆಸುಪಾಸಿನ ನೀಲಿಯನ್ನು ಸೂಸುತ್ತದೆ. ಹೊರಗಿನ ಎನಾಮೆಲ್‌ಗಿಂತ ಒಳಗಿನ ಡೆಂಟಿನ್ ಹೆಚ್ಚು ಹೊಳೆಯುತ್ತದೆ. ಅದರಲ್ಲಿ ಜೈವಿಕ ಪದಾರ್ಥ ಹೆಚ್ಚು. ಬಿಸಿಲಿನಲ್ಲೂ ನೇರಳಾತೀತ ಕಿರಣ ಇರುವುದರಿಂದ ಹಗಲಿನಲ್ಲೂ ಈ ಗುಣ ಹಲ್ಲಿಗೆ ಒಂದಿಷ್ಟು ಜೀವಕಳೆ ಕೊಡುತ್ತದೆ.

ತಯಾರಕರು ಇದನ್ನು ನಕಲು ಮಾಡಲು ಹೊರಟ ದಾರಿ ವಿಚಿತ್ರವಾಗಿದೆ. ಹಿಂದೆ ಪಿಂಗಾಣಿ ಹಲ್ಲುಗಳಿಗೆ ಯುರೇನಿಯಂ ಲವಣ ಬೆರೆಸುತ್ತಿದ್ದರು! ಪ್ರಮಾಣ ಅತ್ಯಲ್ಪ, ನಿಜ. ಆದರೂ ವಿಕಿರಣ ಸೂಸುವ ವಸ್ತುವನ್ನು ಬಾಯಲ್ಲಿಡುವುದು ಒಳ್ಳೆಯ ಆಲೋಚನೆಯಲ್ಲವೆಂದು ಅದನ್ನು ಕೈಬಿಟ್ಟು, ಯುರೋಪಿಯಂ, ಟರ್ಬಿಯಂ, ಸೀರಿಯಂನಂಥ ವಿರಳ ಮೃತ್ತಿಕಾ ಧಾತುಗಳತ್ತ ಹೊರಳಿದರು.

ಎಷ್ಟು ಬೆರೆಸಿದರೆ ಸಾಕು ಎಂಬುದಕ್ಕೆ ಅಳತೆ ಬೇಕಲ್ಲ? ಪ್ರಯೋಗಾಲಯದಲ್ಲಿ, ಹಲ್ಲಿಗೆ ತುಂಬುವ ಕಾಂಪೊಸಿಟ್ ಎಂಬ ಸಿಮೆಂಟನ್ನು ಒಂದೆರಡು ಮಿಲಿಮೀಟರ್ ದಪ್ಪದ ಬಿಲ್ಲೆಯಾಗಿ ಗಟ್ಟಿಮಾಡಿ, ನಯಗೊಳಿಸಿ, ಸ್ಪೆಕ್ಟ್ರೋಫ್ಲೂರೋಮೀಟರ್ ಎಂಬ ಯಂತ್ರದಲ್ಲಿಡುತ್ತಾರೆ. ಜೆನಾನ್ ದೀಪದ ಬೆಳಕಿನಿಂದ ಬೇಕಾದ ಅಲೆಯುದ್ದವನ್ನಷ್ಟೇ ಆರಿಸಿ ಬಿಲ್ಲೆಯ ಮೇಲೆ ಹಾಯಿಸುತ್ತಾರೆ. ಮರಳಿ ಬರುವ ಬೆಳಕನ್ನು ಯಂತ್ರ ಒಂದೊಂದೇ ಅಲೆಯುದ್ದಕ್ಕೆ ಬಿಡಿಸಿ ಅಳೆದು ವಕ್ರರೇಖೆ ಬರೆಯುತ್ತದೆ. ರೇಖೆಯ ಎತ್ತರ ಹೊಳಪಿನ ತೀವ್ರತೆಯನ್ನೂ, ಶಿಖರ ಎಲ್ಲಿದೆ ಎಂಬುದು ಹೊಳಪಿನ ಬಣ್ಣವನ್ನೂ ಹೇಳುತ್ತದೆ.

ತೊಡಕು ಇಲ್ಲೇ ಇದೆ. ಈ ಅಂಕಿ ಸೆಂಟಿಮೀಟರಿನಂತೆ ಎಲ್ಲೆಡೆ ಒಂದೇ ಅಲ್ಲ. ದೀಪ, ಯಂತ್ರದಲ್ಲಿ ಬೆಳಕು ಹಾಯುವ ಕಿಂಡಿಯ ಅಗಲ, ಬಿಲ್ಲೆಯ ದಪ್ಪ, ಮೇಲ್ಮೈಯ ನಯ, ಇವುಗಳಲ್ಲಿ ಯಾವುದು ಬದಲಾದರೂ ಅಂಕಿ ಬದಲಾಗುತ್ತದೆ. ಹೀಗಾಗಿ ಒಂದು ಪ್ರಯೋಗಾಲಯದ ಸಂಖ್ಯೆಯನ್ನು ಇನ್ನೊಂದರದ್ದಕ್ಕೆ ನೇರವಾಗಿ ಹೋಲಿಸಲಾಗದು. ಕಿತ್ತ ನಿಜವಾದ ಹಲ್ಲಿನ ಚೂರನ್ನೂ ಅದೇ ಯಂತ್ರದಲ್ಲಿ, ಅದೇ ಹೊತ್ತಿನಲ್ಲಿ ಅಳೆದು ಪಕ್ಕಕ್ಕಿಟ್ಟಾಗ ಮಾತ್ರ ಲೆಕ್ಕಕ್ಕೆ ಅರ್ಥ. ಹಾಗೆ ಅಳೆದಾಗ, ಡಬ್ಬಿಯ ಮೇಲೆ ಎ2 ಎಂಬ ಒಂದೇ ಛಾಯೆಯ ಹೆಸರಿದ್ದರೂ ಕಂಪನಿಯಿಂದ ಕಂಪನಿಗೆ ಹೊಳಪು ಬೇರೆ ಬೇರೆ ಇರುವುದು ಕಾಣುತ್ತದೆ. ಕೆಲವು ಮಂಕು; ಕೆಲವು ಹಲ್ಲನ್ನೇ ಮೀರಿಸಿ ಬೆಳಗುತ್ತವೆ, ಅದೂ ದೋಷವೇ. ವರ್ಷ ಕಳೆದಂತೆ ಹೊಳಪು ಕುಂದುವ ಸಿಮೆಂಟುಗಳೂ ಇವೆ.

ಈ ಹೊಂದಾಣಿಕೆಯ ಕೊರತೆಯಿಂದ ಉಪಕಾರವೂ ಉಂಟು. ದುರಂತಗಳಲ್ಲಿ ಸತ್ತವರನ್ನು ಹಲ್ಲಿನಿಂದ ಗುರುತಿಸುವ ತಜ್ಞರು, ಬರಿಗಣ್ಣಿಗೆ ಕಾಣದ ಸಿಮೆಂಟನ್ನು ನೇರಳಾತೀತ ಟಾರ್ಚಿನಿಂದ ಪತ್ತೆಮಾಡುತ್ತಾರೆ. ಹಳೆಯ ಸಿಮೆಂಟು ಕೆರೆದು ತೆಗೆಯುವಾಗ ಸುಮಾರು 405 ನ್ಯಾನೋಮೀಟರಿನ ನೇರಳೆ ಬೆಳಕು ಬಿಟ್ಟರೆ, ಸಿಮೆಂಟು ಎಲ್ಲಿ ಮುಗಿದು ಹಲ್ಲು ಎಲ್ಲಿ ಶುರುವಾಯಿತೆಂದು ವೈದ್ಯರಿಗೆ ತಿಳಿಯುತ್ತದೆ, ಒಳ್ಳೆಯ ಹಲ್ಲು ಉಳಿಯುತ್ತದೆ.

ದವಡೆ ಹಲ್ಲಿಗೆ ಇದಾವುದರ ಚಿಂತೆ ಬೇಡ. ಅಲ್ಲಿ ಗಟ್ಟಿತನವೇ ಮುಖ್ಯ. ಮುಂದಿನ ಹಲ್ಲಿಗಾದರೆ ಕೆಲಸ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ. ಸಿಮೆಂಟಿನ ಒಂದು ಚುಕ್ಕೆಯನ್ನು ಹಲ್ಲಿನ ಮೇಲಿಟ್ಟು, ಗಟ್ಟಿಮಾಡಿ, ನೇರಳಾತೀತ ಟಾರ್ಚಿನಲ್ಲಿ ನೋಡಿ ಕಿತ್ತುಹಾಕಲು ಕೆಲವೇ ನಿಮಿಷ ಸಾಕು. ಆ ಹೊತ್ತಿನಲ್ಲಿ ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ.