ಸಭಾಕಂಪಕ್ಕೆ ಗುಳಿಗೆಯೋ, ತಾಲೀಮೋ?

ಹೊಸಪೇಟೆಯಿಂದ ಚಿತ್ರದುರ್ಗದ ಹೆದ್ದಾರಿ ಹಿಡಿದರೆ ಸಿಗುವ ಮರಿಯಮ್ಮನಹಳ್ಳಿ ನಾಟಕದವರ ಊರು. ರಂಗನಟಿ ಕೆ. ನಾಗರತ್ನಮ್ಮ ಈ ಊರಿನವರು. ಜೋಗತಿ ನೃತ್ಯಕ್ಕೆ ಪದ್ಮಶ್ರೀ ತಂದ ಮಂಜಮ್ಮ ಜೋಗತಿ ನೆಲೆ ನಿಂತದ್ದೂ ಇಲ್ಲೇ. ಸುತ್ತಿನ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ನಾಟಕ; ಸ್ತ್ರೀ ಪಾತ್ರಕ್ಕೆ ಇಲ್ಲಿಂದ ಕಲಾವಿದೆಯರು ಹೋಗಲೇಬೇಕು. ಸಾವಿರಾರು ಮಂದಿಯ ಮುಂದೆ ನಿಂತು ಕಂದ ಹಾಡಿ, ಸಂಭಾಷಣೆ ಒಪ್ಪಿಸಿ, ಸಿಳ್ಳೆಗೂ ಜಗ್ಗದೆ ಬೆಳಗು ಮಾಡುವವರ ಊರಿದು.

ಇಂಥ ಊರಿನ ಆಸುಪಾಸಿನಲ್ಲೂ ಬ್ಯಾಂಕಿನ ಕೌಂಟರಿನಲ್ಲಿ ನಾಲ್ಕು ಜನ ನೋಡುತ್ತಿದ್ದಾರೆಂದು ಸಹಿ ಮಾಡಲು ಕೈ ನಡುಗುವ ಹುಡುಗರಿದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ತುತ್ತು ಇಳಿಯದವರಿದ್ದಾರೆ. ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಲಾರದೆ ಇಳಿದುಹೋಗುವವರು, ಸೆಮಿನಾರ್ ದಿನ ಜ್ವರ ಬರಿಸಿಕೊಳ್ಳುವವರು, ಸಂದರ್ಶನದ ಬಾಗಿಲವರೆಗೆ ಹೋಗಿ ವಾಪಸು ಬಂದವರು ಇದ್ದಾರೆ. ಮನೆಯವರು ಇದಕ್ಕೆ ಇಡುವ ಹೆಸರು ‘ನಾಚಿಕೆ ಸ್ವಭಾವ’. ವೈದ್ಯರು ಹೇಳುವುದು ಸಾಮಾಜಿಕ ಆತಂಕ. ಸಾಮಾನ್ಯವಾಗಿ ಹೈಸ್ಕೂಲು ವಯಸ್ಸಿನಲ್ಲಿ ತಲೆ ಎತ್ತುವ ಇದು ತಾನಾಗಿ ಹೋಗುವುದು ಕಡಿಮೆ.

ಇಂಥವರಿಗೆ ಸಿಗುವ ಸಲಹೆ ಎರಡು. ‘ಮನಸು ಗಟ್ಟಿ ಮಾಡ್ಕೋ, ಅವರೇನು ಹುಲಿನಾ?’ ಎನ್ನುವುದು ಒಂದು. ‘ಯಾವುದಾದ್ರೂ ಗುಳಿಗಿ ಬರೆಸ್ಕೋ’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಗುಳಿಗೆಯನ್ನು ಹೇಡಿತನ ಎನ್ನುತ್ತಾರೆ. ಎರಡನೆಯದನ್ನು ಹೇಳುವವರಿಗೆ ಮನೋಬಲ ಎನ್ನುವುದೇ ಬರೀ ಭಾಷಣ. ನನಗೆ ಈ ಜಗಳವೇ ಅಡ್ಡದಾರಿ ಹಿಡಿದಂತೆ ಕಾಣುತ್ತದೆ.

ಗುಳಿಗೆಯ ವಿಚಾರ ಮೊದಲು ನೋಡೋಣ, ಯಾಕೆಂದರೆ ತಪ್ಪು ತಿಳಿವಳಿಕೆ ಅಲ್ಲೇ ಹೆಚ್ಚು. ‘ಸ್ಟೇಜ್ ಫಿಯರ್ ಗುಳಿಗೆ’ ಎಂದು ಹುಡುಗರು ಪಿಸುಗುಟ್ಟುವುದು ಪ್ರೊಪ್ರನೊಲಾಲ್. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಿಗಳಿಗಾಗಿ ರೂಪಿಸಿದ ಔಷಧ ಇದು; 1988ರಲ್ಲಿ ಅವರಿಗೆ ನೊಬೆಲ್ ಬಂತು. ಅಡ್ರಿನಲಿನ್ ಹೃದಯದ ಮೇಲೆ ಸವಾರಿ ಮಾಡದಂತೆ ಅದು ತಡೆಯುತ್ತದೆ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ತಗ್ಗುತ್ತದೆ. ಅಮೆರಿಕದ ವಾದ್ಯವೃಂದಗಳ ಕಲಾವಿದರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚಿನವರು ಈ ಜಾತಿಯ ಔಷಧ ಬಳಸುತ್ತಾರೆಂದು 1987ರ ಸಮೀಕ್ಷೆಯೊಂದು ಹೇಳಿತ್ತು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಇದೇ ಔಷಧ ಪತ್ತೆಯಾಗಿ ಉತ್ತರ ಕೊರಿಯಾದ ಶೂಟರ್ ಒಬ್ಬರು ಪದಕ ಕಳೆದುಕೊಂಡರು. ಗುರಿ ಇಡುವವನ ಕೈ ನಡುಗದಂತೆ ಮಾಡುವಷ್ಟು ಅದರ ಶಕ್ತಿ ನಿಜ. ಆದರೆ ಅದು ಒಂದು ಸಂಜೆಯ ಉಪಾಯ. ಯಾರೂ ಮಾತಾಡಿಸದಿದ್ದರೆ ಸಾಕು ಎಂದು ವರ್ಷವಿಡೀ ಬದುಕುವವನ ಭಯವನ್ನು ಅದು ಮುಟ್ಟುವುದಿಲ್ಲ. ಉಬ್ಬಸ ಇದ್ದವರಿಗಂತೂ ಪ್ರಾಣಾಪಾಯ. ಗಣಿ ದೂಳು ಕುಡಿದು ಬೆಳೆದ ನಮ್ಮ ಸಂಡೂರು ಸೀಮೆಯಲ್ಲಿ ಗೆಳೆಯನ ಜೇಬಿನಿಂದ ಇದನ್ನು ಇಸಿದುಕೊಂಡು ನುಂಗುವುದು ಹುಡುಗಾಟವಲ್ಲ.

ಆತಂಕ ತಗ್ಗಿಸುವ ಇನ್ನೊಂದು ಗುಳಿಗೆ ಅಲ್ಪ್ರಜೋಲಾಮ್ ಇನ್ನೂ ಹುಷಾರಾಗಿ ನೋಡಬೇಕಾದದ್ದು. ಅರ್ಧ ತಾಸಿನಲ್ಲಿ ಹಾಯೆನಿಸುತ್ತದೆ, ಆ ಹಾಯೇ ಮುಂದೆ ಕೊರಳಿಗೆ ಬೀಳುತ್ತದೆ. ದೇಹ ಅದಕ್ಕೆ ಒಗ್ಗಿಕೊಂಡು ಬಿಡಲಾರದಂತಾಗುತ್ತದೆ. ‘ಸ್ವಲ್ಪ ತೊಗೊಂಡರೆ ಧೈರ್ಯ ಬರ್ತದ’ ಎಂದು ಬಾಟಲಿ ಹಿಡಿಯುವವರ ಕಥೆಯೂ ಇದೇ, ಬೇರೇನಲ್ಲ.

ಸಾಮಾಜಿಕ ಆತಂಕಕ್ಕೆಂದೇ ತಜ್ಞರು ಬರೆಯುವ ಔಷಧಗಳು ಬೇರೆ: ಎಸಿಟಾಲೊಪ್ರಾಮ್, ಸರ್ಟ್ರಾಲಿನ್, ಪರಾಕ್ಸೆಟಿನ್. ಇವು ದಿನವೂ ತೆಗೆದುಕೊಳ್ಳಬೇಕಾದವು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ಚಡಪಡಿಕೆ ತುಸು ಹೆಚ್ಚಬಹುದು. ವಾರಕ್ಕೇ ‘ಏನೂ ಉಪಯೋಗ ಇಲ್ಲ’ ಎಂದು ಬಿಸಾಡುವವರು ಸೋಲುವುದು ಇಲ್ಲೇ. ಇವಕ್ಕೆ ಅಮಲಿಲ್ಲ. ಆದರೆ ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸುವಂತಿಲ್ಲ.

ಇನ್ನು ಗಟ್ಟಿ ಮನಸ್ಸಿನವರ ವಾದ. ಅವರು ಉದಾಹರಣೆಗೆ ಎಳೆದು ತರುವುದು ಗಾಂಧೀಜಿಯನ್ನು. ಬ್ಯಾರಿಸ್ಟರ್ ಆಗಿ ಬಂದ ಗಾಂಧಿ ಮುಂಬಯಿಯ ಸ್ಮಾಲ್ ಕಾಸ್ ಕೋರ್ಟಿನಲ್ಲಿ ಮೊದಲ ಪಾಟೀಸವಾಲಿಗೆ ಎದ್ದು ನಿಂತಾಗ ತಲೆ ತಿರುಗಿ ಕೂತರು, 30 ರೂಪಾಯಿ ಫೀಸು ಹಿಂದಿರುಗಿಸಿದರು. ಅಂಥವರು ದೇಶವನ್ನೇ ಮಾತಾಡಿಸಲಿಲ್ಲವೇ ಎಂಬ ಪ್ರಶ್ನೆ. ನಿಜ, ಆದರೆ ಹಲ್ಲು ಕಚ್ಚಿ ಅದೇ ಕೋರ್ಟಿನಲ್ಲಿ ಮತ್ತೆ ನಿಂತದ್ದರಿಂದ ಹಾಗಾಗಲಿಲ್ಲ. 1893ರಲ್ಲಿ ಪ್ರಿಟೋರಿಯಾದಲ್ಲಿ, ತಮ್ಮವರೇ ಆದ ವ್ಯಾಪಾರಿಗಳ ಸಣ್ಣ ಸಭೆಯಲ್ಲಿ, ಚೆನ್ನಾಗಿ ತಯಾರಿ ಮಾಡಿಕೊಂಡ ವಿಷಯದ ಮೇಲೆ ಅವರ ಮೊದಲ ಸಾರ್ವಜನಿಕ ಭಾಷಣ ನಡೆಯಿತು. ಎಟುಕುವ ಮೆಟ್ಟಿಲಿನಿಂದ ಹತ್ತಲು ಶುರುಮಾಡಿದರು ಅಷ್ಟೇ.

ಅದನ್ನು ನಮ್ಮ ಭಾಗದ ಹಾರ್ಮೋನಿಯಂ ಮಾಸ್ತರರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಎಮ್ಮೆ ಕಾಯುವ ಹುಡುಗನಿಗೆ ದುರ್ಯೋಧನನ ಪಾತ್ರ ಕೊಟ್ಟು ‘ಧೈರ್ಯ ತೊಗೋ’ ಎಂದು ನೇರ ಜಾತ್ರೆಗೆ ನೂಕುವುದಿಲ್ಲ. ಮೊದಲು ಗುಡಿಯ ಪಡಸಾಲೆಯಲ್ಲಿ ಕೂತು ಮಾತು ಓದಿಸುತ್ತಾರೆ. ಆಮೇಲೆ ನಿಲ್ಲಿಸಿ ಹೇಳಿಸುತ್ತಾರೆ. ಆಮೇಲೆ ಊರ ನಾಲ್ಕು ಹಿರಿಯರು ಬಂದು ಕೂರುತ್ತಾರೆ. ತಿಂಗಳುಗಟ್ಟಲೆ ತಾಲೀಮು ನಡೆದ ಮೇಲೆ ಬಣ್ಣ. ಮಾತು ಮರೆತರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎನ್ನುವುದು ಅಷ್ಟರಲ್ಲಿ ಹುಡುಗನಿಗೇ ಹತ್ತಾರು ಸಲ ಮರೆತು ಗೊತ್ತಾಗಿರುತ್ತದೆ.

ಮನೋವೈದ್ಯರ ಚಿಕಿತ್ಸೆಯೂ ಇದೇ ದಾರಿಯದು. ಅಮೆರಿಕದ ರಿಚರ್ಡ್ ಹೈಮ್‌ಬರ್ಗ್ ಆರೇಳು ಜನರ ಗುಂಪು ಕಟ್ಟಿ, ವಾರಕ್ಕೊಮ್ಮೆ ಎರಡೂವರೆ ತಾಸು, ಹೆದರಿಕೆಯ ಸಂದರ್ಭಗಳನ್ನೇ ನಾಟಕವಾಗಿ ಆಡಿಸಿದರು. 133 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅವರ ಮತ್ತು ಮೈಕೆಲ್ ಲೀಬೋವಿಟ್ಸ್ ಅವರ ಅಧ್ಯಯನದಲ್ಲಿ, 12 ವಾರ ಪೂರೈಸಿದವರ ಪೈಕಿ ಔಷಧದ ಗುಂಪಿನಲ್ಲೂ ತಾಲೀಮಿನ ಗುಂಪಿನಲ್ಲೂ ಸುಮಾರು ಮುಕ್ಕಾಲು ಪಾಲು ಜನ ಸುಧಾರಿಸಿದರು. ಔಷಧ ಬೇಗ ಕೆಲಸ ಮಾಡಿತು. ಚಿಕಿತ್ಸೆ ನಿಂತ ಮೇಲೆ ಮಾತ್ರ ಔಷಧದವರಲ್ಲೇ ಭಯ ಮರಳಿದ್ದು ಹೆಚ್ಚು. ಹಾಗಾಗಿ ಗುಳಿಗೆ ಪರದೆಯ ಹಿಂದಿನ ಪ್ರಾಂಪ್ಟರ್ ಇದ್ದ ಹಾಗೆ. ಅವನಿಲ್ಲದೆ ಕೆಲವರು ರಂಗಕ್ಕೆ ಕಾಲಿಡಲಾರರು, ಅದರಲ್ಲಿ ಅವಮಾನವೇನಿಲ್ಲ. ಆದರೆ ಪಾತ್ರವನ್ನು ಅವನು ಮಾಡಿಕೊಡಲಾರ.

ಒಂದು ಮಾತು ನಡುವೆ ಹೇಳಬೇಕು. ಎಲ್ಲ ಅಂಜಿಕೆಯೂ ಕಾಯಿಲೆಯಲ್ಲ. ಮಂಜಮ್ಮ ಜೋಗತಿಯಂಥ ಲಿಂಗತ್ವ ಅಲ್ಪಸಂಖ್ಯಾತರು ಎದುರಿಸಿದ ಜನರ ಕಣ್ಣು ಕಲ್ಪನೆಯದಲ್ಲ. ಮನೆಯವರೂ ಬೀದಿಯವರೂ ನಿಜವಾಗಿ ನಕ್ಕು ದೂರವಿಟ್ಟವರು. ಅವರಿಗೆ ಗುಳಿಗೆ ಕೊಡುವ ಮೊದಲು ನಗುವ ಮಂದಿಗೆ ಬುದ್ಧಿ ಹೇಳಬೇಕು. ಜಾತಿ, ಬಣ್ಣ, ಬಾರದ ಇಂಗ್ಲಿಷ್ ಇವುಗಳಿಂದ ಕುಗ್ಗಿದ ಮಕ್ಕಳಿಗೂ ಇದೇ ಅನ್ವಯ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹೆಗ್ಗಳಿಕೆಯಿದೆ, ನೆನಪಿಟ್ಟುಕೊಂಡವರು ಕಡಿಮೆ. ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೇ ಮನೋರೋಗಕ್ಕೆ ಮದ್ದು ಸಿಗಬೇಕೆಂದು ನಿಮ್ಹಾನ್ಸ್ 1985ರಲ್ಲಿ ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಹೊಸಪೇಟೆಯೂ ಆಗ ಅದರೊಳಗೇ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ, ಬೆರಳೆಣಿಕೆಯ ಔಷಧಗಳು. ಇಷ್ಟರಲ್ಲೇ ಕೆಲಸ ನಡೆಯುತ್ತದೆಂದು ಅದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ಬುನಾದಿ. ಆದರೆ ಆಗ ಗಮನವೆಲ್ಲ ಮೂರ್ಛೆರೋಗ, ತೀವ್ರ ಮನೋರೋಗಗಳ ಮೇಲೆ. ಮೂಲೆಯಲ್ಲಿ ಸುಮ್ಮನೆ ಕೂತವನು ಯಾರಿಗೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಆಸ್ಪತ್ರೆಯ ಲೆಕ್ಕಕ್ಕೂ ಸಿಗುವುದಿಲ್ಲ. ಆತಂಕ, ಖಿನ್ನತೆಯಂಥ ಸಾಮಾನ್ಯ ತೊಂದರೆಗಳಿರುವ ನೂರರಲ್ಲಿ 85 ಜನ ಚಿಕಿತ್ಸೆಯಿಂದ ಹೊರಗಿದ್ದಾರೆಂದು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡುಕೊಂಡಿತು.

ಈಗ ದಾರಿ ಅಷ್ಟು ದೂರವಿಲ್ಲ. ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ತೊಡಕೆಂದರೆ, ಈ ಕಾಯಿಲೆಯವರಿಗೆ ಅಪರಿಚಿತರಿಗೆ ಫೋನ್ ಮಾಡುವುದೇ ದೊಡ್ಡ ಪರೀಕ್ಷೆ. ನಿಮ್ಮ ಮನೆಯಲ್ಲಿ ಅಂಥ ಮಗನೋ ಮಗಳೋ ಇದ್ದರೆ, ‘ಗಟ್ಟಿಯಾಗು’ ಎನ್ನುವುದನ್ನು ಬಿಟ್ಟು ಮೊದಲ ಸಲ ನಂಬರು ನೀವೇ ಒತ್ತಿ, ಅವರ ಪಕ್ಕ ಕೂತಿರಿ.