ಬಾಯಿ ಬಿಡುವ ಹೊತ್ತಿಗೆ ವಾಯಿದೆ ಮುಗಿದಿತ್ತು!

ಅಂಗಡಿಯ ಉದ್ರಿ ಬಾಕಿ ಮೂರು ವರ್ಷ ದಾಟಿತೋ, ಕೋರ್ಟಿಗೆ ಹೋದರೂ ವಸೂಲಿ ಕಷ್ಟ. ವಾಯಿದೆ ಕಾನೂನು ವ್ಯಾಪಾರಸ್ಥರಿಗೆ ಹೊಸದೇನಲ್ಲ. ದುಡ್ಡಿನ ಲೆಕ್ಕಕ್ಕೆ ಅದು ಸರಿಯೇ ಇರಬಹುದು. ಆದರೆ ಎಂಟು ಹತ್ತು ವರ್ಷದ ಹುಡುಗನ ಮೇಲೆ ಪಾದ್ರಿಯೇ ಕೈಹಾಕಿದರೆ, ಆ ಹುಡುಗ ಅದನ್ನು ನಾಲ್ಕು ಜನರ ಮುಂದೆ ಹೇಳಲು ಎಷ್ಟು ವರ್ಷ ಬೇಕು? ಅಮೆರಿಕದ ಸಿವಿಲ್ ಕೋರ್ಟುಗಳಲ್ಲಿ ನಲವತ್ತು ವರ್ಷಗಳಿಂದ ನಡೆದಿರುವ ಜಗಳ ಇದೇ.

ಮೊದಲು ದೊಡ್ಡ ಸದ್ದು ಮಾಡಿದ್ದು ಲೂಸಿಯಾನ ರಾಜ್ಯದ ಕ್ಯಾಥೊಲಿಕ್ ಪಾದ್ರಿ ಗಿಲ್ಬರ್ಟ್ ಗೋತೆಯ ಪ್ರಕರಣ. ಹಲವು ಕುಟುಂಬಗಳ ಜೊತೆ ಗುಟ್ಟಾಗಿ ರಾಜಿಯಾಯಿತು. ಹಣ ಕೈಸೇರಿತು, ಬಾಯಿ ಮುಚ್ಚಿತು. ಒಂದು ಮನೆಯವರು ಮಾತ್ರ ಗುಟ್ಟಿನ ರಾಜಿಗೆ ಒಪ್ಪಲಿಲ್ಲ. ದಾವೆ ಬಹಿರಂಗವಾಗಿಯೇ ನಡೆಯಿತು. ಗೋತೆ 1985ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. 1986ರಲ್ಲಿ ಆ ಕುಟುಂಬಕ್ಕೆ ಹನ್ನೆರಡೂವರೆ ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು.

ಕ್ರಿಮಿನಲ್ ಕೇಸಿನಲ್ಲಿ ತಪ್ಪು ಮಾಡಿದವನು ಜೈಲಿಗೆ ಹೋಗುತ್ತಾನೆ, ಅಷ್ಟೆ. ಸಿವಿಲ್ ದಾವೆ ಅವನ ಮೇಲಿನವರ ಬೀರುವಿನ ಬಾಗಿಲನ್ನೂ ತೆಗೆಸುತ್ತದೆ. ಬಾಸ್ಟನ್‌ನಲ್ಲಿ ಆದದ್ದು ಇದೇ. ಜಾನ್ ಗೇಗನ್ ಎಂಬ ಪಾದ್ರಿಯ ಮೇಲೆ 130ಕ್ಕೂ ಹೆಚ್ಚು ಜನ ದೂರಿದ್ದರು. ದಾವೆಯ ಕಾಗದಪತ್ರಗಳಿಗೆ ಕೋರ್ಟಿನ ಮೊಹರು ಬಿದ್ದಿತ್ತು. 'ಬಾಸ್ಟನ್ ಗ್ಲೋಬ್' ಪತ್ರಿಕೆ ಅರ್ಜಿ ಹಾಕಿತು. 2001ರ ನವೆಂಬರ್‌ನಲ್ಲಿ ನ್ಯಾಯಾಧೀಶೆ ಕಾನ್‌ಸ್ಟೆನ್ಸ್ ಸ್ವೀನಿ ಮೊಹರು ತೆಗೆಯಲು ಆಜ್ಞೆ ಮಾಡಿದರು. ಕಾಗದ ಹೊರಬಂದಾಗ ಊರಿಗೆ ಊರೇ ದಂಗಾಯಿತು. ಈತನ ಚಾಳಿ ಮೇಲಿನವರಿಗೆ ಗೊತ್ತಿತ್ತು! ಗೊತ್ತಿದ್ದೂ ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತಲೇ ಇದ್ದರು. 2002ರ ಡಿಸೆಂಬರ್‌ನಲ್ಲಿ ಕಾರ್ಡಿನಲ್ ಬರ್ನಾರ್ಡ್ ಲಾ ಆರ್ಚ್‌ಬಿಷಪ್ ಪದವಿಗೆ ರಾಜೀನಾಮೆ ಕೊಟ್ಟರು.

ಅಲ್ಲಿನ ಕಾನೂನಿನಲ್ಲಿ ಇನ್ನೊಂದು ತೊಡಕಿತ್ತು. ಧರ್ಮಾರ್ಥ ಸಂಸ್ಥೆಯಿಂದ 20,000 ಡಾಲರಿಗಿಂತ ಹೆಚ್ಚು ಪರಿಹಾರ ಕೇಳುವಂತಿರಲಿಲ್ಲ. ವಕೀಲರು ಸುಮ್ಮನಿರುತ್ತಾರೆಯೇ? ಸಂಸ್ಥೆಯನ್ನು ಬಿಟ್ಟು, ಮೇಲ್ವಿಚಾರಣೆ ಮಾಡಬೇಕಿದ್ದ ಬಿಷಪ್ಪರನ್ನೇ ಹೆಸರು ಹಿಡಿದು ಪ್ರತಿವಾದಿ ಮಾಡಿದರು. 2003ರಲ್ಲಿ 550ಕ್ಕೂ ಹೆಚ್ಚು ಮಂದಿಗೆ ಎಂಟೂವರೆ ಕೋಟಿ ಡಾಲರ್ ಕೊಡಲು ಚರ್ಚು ಒಪ್ಪಿತು.

ಇನ್ನು ವಾಯಿದೆಯ ಮಾತು. ನ್ಯೂಯಾರ್ಕಿನಲ್ಲಿ ವಯಸ್ಸು 23 ದಾಟಿದರೆ ಕೋರ್ಟಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೇ ಇತ್ತು. ಐವತ್ತು ಅರವತ್ತರ ಪ್ರಾಯದಲ್ಲಿ ಧೈರ್ಯ ತಂದುಕೊಂಡು ಬಂದವರಿಗೆ ಸಿಕ್ಕ ಉತ್ತರ ಒಂದೇ: ತಡವಾಯಿತು. 2019ರ ಕಾನೂನು ಈ ಮಿತಿಯನ್ನು 55ಕ್ಕೆ ಏರಿಸಿತು. ಹಳೆಯ ಪ್ರಕರಣಗಳಿಗೂ 2021ರ ಆಗಸ್ಟ್‌ವರೆಗೆ ಬಾಗಿಲು ತೆರೆದಿಟ್ಟಿತು. ಚರ್ಚು, ಶಾಲೆ, ಸ್ಕೌಟ್ ಎಲ್ಲ ಸೇರಿ 10,000ಕ್ಕೂ ಹೆಚ್ಚು ದಾವೆ ಬಿದ್ದವು. ಕ್ಯಾಲಿಫೋರ್ನಿಯದಲ್ಲೂ ಇದೇ ಕಥೆ. 2024ರಲ್ಲಿ ಲಾಸ್ ಏಂಜಲಿಸ್ ಆರ್ಚ್‌ಡಯಾಸಿಸ್ 1,353 ಮಂದಿಗೆ 88 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು.

ಮೇರಿಲ್ಯಾಂಡ್ ರಾಜ್ಯ ಇನ್ನೂ ಮುಂದೆ ಹೋಗಿ ವಾಯಿದೆಯನ್ನೇ ಕಿತ್ತುಹಾಕಿತು. ಕಾನೂನು ಜಾರಿಯಾಗಬೇಕಿದ್ದದ್ದು 2023ರ ಅಕ್ಟೋಬರ್ 1ಕ್ಕೆ. ಎರಡೇ ದಿನ ಮುಂಚೆ ಬಾಲ್ಟಿಮೋರ್ ಆರ್ಚ್‌ಡಯಾಸಿಸ್ ದಿವಾಳಿ ಅರ್ಜಿ ಹಾಕಿಬಿಟ್ಟಿತು! ದಿವಾಳಿ ಅಂದರೆ ಚರ್ಚಿಗೆ ಬೀಗ ಬಿತ್ತು ಅಂತಲ್ಲ. ಅರ್ಜಿ ಬಿದ್ದ ಕೂಡಲೇ ಚರ್ಚಿನ ಮೇಲಿನ ದಾವೆಗಳೆಲ್ಲ ನಿಲ್ಲುತ್ತವೆ, ಎಲ್ಲರ ಲೆಕ್ಕವೂ ಒಂದೇ ಕೋರ್ಟಿಗೆ ಬರುತ್ತದೆ. ಮೊದಲು ಬಂದವರೇ ಎಲ್ಲ ಬಾಚಿಕೊಂಡರೆ ಹಿಂದೆ ಬಂದವರಿಗೆ ಏನೂ ಉಳಿಯದು, ಆದ್ದರಿಂದ ಎಲ್ಲರಿಗೂ ಸಮನಾಗಿ ಹಂಚಲು ಇದೇ ದಾರಿ ಎಂಬುದು ಚರ್ಚಿನ ವಾದ. ಇದರಲ್ಲೂ ಹುರುಳಿಲ್ಲದೆ ಇಲ್ಲ. ಆದರೆ ಜ್ಯೂರಿಯ ಮುಂದೆ ನಿಂತು ತನಗಾದದ್ದನ್ನು ಹೇಳಬೇಕು, ಹಳೇ ಕಡತ ಹೊರಗೆಳೆಯಬೇಕು ಎಂದು ಕಾದಿದ್ದವರ ಗತಿ?

ದಿವಾಳಿ ಕೋರ್ಟು ಅವರಿಗೂ ಒಂದು ತಾರೀಕು ಕೊಟ್ಟಿತು. ಕ್ಲೇಮು ಹಾಕಲು 2024ರ ಮೇ 31 ಕೊನೆಯ ದಿನ. ವಾಯಿದೆ ಕಿತ್ತುಹಾಕಿದ ರಾಜ್ಯದಲ್ಲಿ ಮತ್ತೊಂದು ವಾಯಿದೆ!