ಹುಳಿ ಗಟ್ಟಿಯಾದಷ್ಟೂ ಅವಸರ ಹೆಚ್ಚು

ಹಬ್ಬಕ್ಕೆ ಹಿತ್ತಾಳೆ ದೀಪ ಬೆಳಗುವ ಗೃಹಿಣಿಗೆ ರಸಾಯನಶಾಸ್ತ್ರದ ಒಂದು ದೊಡ್ಡ ಪಾಠ ಯಾರೂ ಹೇಳಿಕೊಡದೆಯೇ ಗೊತ್ತಿರುತ್ತದೆ. ಸಾರಿಗೆ ಕಿವುಚಿ ಉಳಿದ ಹುಣಸೆ ಹಿಪ್ಪೆಯಿಂದ ತಿಕ್ಕಿದರೆ ಕಪ್ಪು ನಿಧಾನವಾಗಿ ಬಿಡುತ್ತದೆ. ಹೊಸ ಹುಣಸೆಹಣ್ಣನ್ನೇ ಗಟ್ಟಿಯಾಗಿ ಹಚ್ಚಿದರೆ ಕಣ್ಣೆದುರೇ ಹೊಳಪು ಬರುತ್ತದೆ. “ಹುಳಿ ಗಟ್ಟಿ ಇದ್ರೆ ಬೇಗ ಬಿಡುತ್ತೆ ಕಣ್ರೀ” ಎನ್ನುತ್ತೇವೆ. ಪುಸ್ತಕದ ಭಾಷೆಯಲ್ಲಿ ಇದನ್ನೇ ‘ಆಮ್ಲದ ಸಾರತೆ ಹೆಚ್ಚಿದಂತೆ ಕ್ರಿಯೆಯ ವೇಗ ಹೆಚ್ಚುತ್ತದೆ’ ಎನ್ನುತ್ತಾರೆ.

ಏಕೆ ಹೀಗೆ?

ಹುಳಿಯ ಕಣಗಳು ನೀರಿನಲ್ಲಿ ಸದಾ ಓಡಾಡುತ್ತಿರುತ್ತವೆ. ಕೊಳೆಗೆ ಬಂದು ತಾಗಿದಾಗಲೇ ಅವುಗಳ ಕೆಲಸ ನಡೆಯುವುದು. ಕಣಗಳು ಹೆಚ್ಚಿದ್ದರೆ ತಾಗುವುದೂ ಹೆಚ್ಚು. ನೀರು ಬೆರೆಸಿ ತೆಳು ಮಾಡಿದರೆ ತಾಗುವುದು ಕಡಿಮೆ, ಅಷ್ಟೆ. ಬಿಸಿ ಮಾಡಿದರೂ ಕೆಲಸ ಚುರುಕಾಗುತ್ತದೆ.

೧೮೫೦ರಲ್ಲಿ ಜರ್ಮನಿಯ ವಿಲ್‌ಹೆಲ್ಮಿ ಎಂಬ ವಿಜ್ಞಾನಿ ಸಕ್ಕರೆ ನೀರಿಗೆ ಆಮ್ಲ ಬೆರೆಸಿ, ಸಕ್ಕರೆ ಎಷ್ಟು ವೇಗವಾಗಿ ಒಡೆಯುತ್ತದೆ ಎಂದು ಅಳೆದರು. ಸಕ್ಕರೆ ಪಾಕ ಹರಳುಗಟ್ಟದಿರಲೆಂದು ನಾವು ನಿಂಬೆರಸ ಹಿಂಡುವುದರಲ್ಲೂ ನಡೆಯುವುದು ಇದೇ ಕ್ರಿಯೆ!

ಮನೆಯಲ್ಲೇ ನೋಡಿ

ಬೋರ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿರುತ್ತದಲ್ಲವೇ? ಅದು ಹೆಚ್ಚಾಗಿ ಸುಣ್ಣದ ಅಂಶ. ಒಂದೇ ಅಳತೆಯ ಎರಡು ಚೂರು ತೆಗೆದುಕೊಳ್ಳಿ. ಒಂದು ಗಾಜಿನ ಲೋಟಕ್ಕೆ ಎಂಟು ಚಮಚ ವಿನೆಗರ್ ಹಾಕಿ. ಇನ್ನೊಂದಕ್ಕೆ ಎರಡು ಚಮಚ ವಿನೆಗರ್, ಆರು ಚಮಚ ನೀರು ಹಾಕಿ. ಚೂರುಗಳನ್ನು ಒಟ್ಟಿಗೆ ಬಿಡಿ. ಮೊದಲನೆಯ ಲೋಟದಲ್ಲಿ ಗುಳ್ಳೆ ಬೇಗ ಬೇಗ ಏಳುತ್ತದೆ, ಎರಡನೆಯದರಲ್ಲಿ ನಿಧಾನ. ಮಕ್ಕಳಿಗೂ ತೋರಿಸಿ, ಖುಷಿಪಡುತ್ತಾರೆ.

ಇಲ್ಲೊಂದು ಗುಟ್ಟಿದೆ. ಇಷ್ಟು ಪೊರೆ ಕರಗಲು ಇಷ್ಟು ಹುಳಿ ಬೇಕೆಂಬ ಲೆಕ್ಕ ಬದಲಾಗುವುದಿಲ್ಲ. ಅಷ್ಟೇ ಹುಳಿಗೆ ನೀರು ಬೆರೆಸಿದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಕೆಲಸವೇನೂ ನಿಲ್ಲುವುದಿಲ್ಲ. ಹಾಗಾಗಿ ಸ್ಟೀಲ್ ಪಾತ್ರೆಗೆ, ಲೀಟರ್ ನೀರಿಗೆ ಎರಡು ಚಮಚದಂತೆ ನಿಂಬೆ ಉಪ್ಪು ಕರಗಿಸಿ ರಾತ್ರಿ ನೆನೆಯಲು ಬಿಡಿ. ನಾವು ಮಲಗಿದ್ದಾಗ ಅದು ದುಡಿಯುತ್ತದೆ! ಪೊರೆ ಉಳಿದಿದ್ದರೆ ಮರುದಿನ ಇನ್ನೊಮ್ಮೆ ನೆನೆಸಿ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಮಾತ್ರ ಹುಳಿ ಬಹಳ ಹೊತ್ತು ಇಡಬೇಡಿ.

ಬಚ್ಚಲಿನ ಆ್ಯಸಿಡ್

ಈ ತಾಳ್ಮೆ ನಾವು ಮರೆಯುವುದು ಬಚ್ಚಲುಮನೆಯಲ್ಲಿ. “ಸುರಿದ್ರೆ ಸಾಕು, ಎರಡೇ ನಿಮಿಷ” ಎಂದು ಸೀಸೆಯ ಆ್ಯಸಿಡ್ಡನ್ನು ಹಾಗೇ ಸುರಿಯುವವರುಂಟು. ವಿನೆಗರಿನ ನೂರು ಪಾಲಿನಲ್ಲಿ ಆಮ್ಲ ನಾಲ್ಕೈದು ಪಾಲು. ನೀರು ಬೆರೆಸದ ಹೈಡ್ರೋಕ್ಲೋರಿಕ್ ಆ್ಯಸಿಡ್ಡಿನಲ್ಲಿ ಅದು ಸುಮಾರು ೩೦ ಪಾಲು ಇರಬಹುದು. ಜಾತಿಯಲ್ಲೂ ಅದು ಬಹಳ ಕಟು. ಕರೆಯನ್ನು ತಿನ್ನುವ ವೇಗದಲ್ಲೇ ಟೈಲ್ಸ್ ನಡುವಿನ ಸಿಮೆಂಟನ್ನೂ, ಮೊಸಾಯಿಕ್ಕಿನ ಅಮೃತಶಿಲೆಯ ಚೂರನ್ನೂ, ನಿಮ್ಮ ಬೆರಳನ್ನೂ ಅದು ತಿನ್ನುತ್ತದೆ. ಅವಸರಕ್ಕೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದವಿಲ್ಲ.

ಬಳಸಲೇಬೇಕಾದರೆ ಇವಿಷ್ಟು ನೆನಪಿರಲಿ:

* ಮೊದಲು ಪ್ಲಾಸ್ಟಿಕ್ ಬಕೆಟ್ಟಿಗೆ ನೀರು, ಆಮೇಲೆ ನಿಧಾನವಾಗಿ ಆ್ಯಸಿಡ್. ಆ್ಯಸಿಡ್ಡಿನ ಮೇಲೆ ನೀರು ಸುರಿದರೆ ಬಿಸಿಯೇರಿ ಸಿಡಿಯಬಹುದು.
* ರಬ್ಬರ್ ಕೈಚೀಲ ಹಾಕಿ, ಕಿಟಕಿ ಬಾಗಿಲು ತೆರೆದಿಡಿ.
* ಬ್ಲೀಚಿಂಗ್ ಪುಡಿಯೊಂದಿಗೆ ಎಂದೂ ಬೆರೆಸಬೇಡಿ. ಕ್ಲೋರಿನ್ ವಿಷಗಾಳಿ ಏಳುತ್ತದೆ; ಆ್ಯಸಿಡ್ ಗಟ್ಟಿಯಿದ್ದಷ್ಟೂ ಬೇಗ ಏಳುತ್ತದೆ.
* ಶರಬತ್ತಿನ ಖಾಲಿ ಬಾಟಲಿಯಲ್ಲಿ ತುಂಬಿಡಬೇಡಿ. ಮಕ್ಕಳು ಬಾಯಾರಿದಾಗ ಚೀಟಿ ಓದುವುದಿಲ್ಲ.
* ಮೈಗೆ ಬಿದ್ದರೆ ಕೂಡಲೇ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಿ. ಕುಡಿದವರಿಗೆ ವಾಂತಿ ಮಾಡಿಸಬೇಡಿ. ಮೇಲೆ ಬರುವಾಗ ಗಂಟಲನ್ನು ಅದು ಮತ್ತೆ ಸುಡುತ್ತದೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸೋದರಿಯರೇ, ಅನ್ನ ಬೇಯಲು ಕಾಯುತ್ತೇವೆ, ಹಿಟ್ಟು ಹುದುಗಲು ಕಾಯುತ್ತೇವೆ. ಕರೆ ಬಿಡಲು ಒಂದು ರಾತ್ರಿ ಕಾದರೆ ನಷ್ಟವೇನು?